ಸಾತಪ್ಪನವರ ಸ್ವೆಟರಿಗೆ ಗುಲಾಬಿ ಕೊರಳು

“ಈ ಸಲದ ಚಳಿಗಾಲದಾಗ ಒಬ್ಬ ಮಾಜಿ ಸೈನಿಕರನ್ನಾದರೂ ಬೆಚ್ಚಗ ಇಡದಿದ್ದರ ನನ್ನ ಹೆಸರು ಶಿವಗಂಗಾನ ಅಲ್ಲ!”

ಹೀಗೆಂದು ನಾನು ಗುಡುಗಿದ್ದು ದಾಂಡೇಲಿಯ ಬಂಗೂರನಗರದ ನಮ್ಮ ಮಹಿಳಾ ಮಂಡಳದ ಸಭೆಯಲ್ಲಿ. ಕೈಯಲ್ಲಿ ಖಾಲಿಯಾದ ಉಪ್ಪಿಟ್ಟಿನ ತಟ್ಟೆ ಇತ್ತು. ಹೊಟ್ಟೆ ತುಂಬಿದ ಮೇಲೆ ದೇಶಪ್ರೇಮ ಉಕ್ಕುವುದು ನನ್ನ ಹುಟ್ಟುಗುಣ.

ಆ ದಿನ ಮಂಡಳ ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿತ್ತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಕಷ್ಟದಲ್ಲಿರುವ ಮಾಜಿ ಸೈನಿಕರಿಗೆ ನಾವೇ ಕೈಯಾರೆ ಹೆಣೆದ ಬೆಚ್ಚನೆಯ ಉಡುಪು ಕೊಡುವುದು. ನಮ್ಮ ಹೆಂಗಸರು ಬುದ್ಧಿವಂತರು. ಒಬ್ಬರು ಟೊಪ್ಪಿಗೆ ಅಂದರು, ಒಬ್ಬರು ಕಾಲುಚೀಲ ಅಂದರು, ಮತ್ತೊಬ್ಬರು ಕ್ರೋಶಾದಲ್ಲಿ ಮಫ್ಲರ್ ಅಂದರು. ಪಕ್ಕದ ಮನೆಯ ಅನ್ನಪೂರ್ಣಕ್ಕ ಕಣ್ಣು ಮುಚ್ಚಿಕೊಂಡು ಹೆಣೆಯುವ ಹೆಂಗಸು. ಅವರು ಕೂಡ ತಣ್ಣಗೆ, “ನಾ ಒಂದು ಹಾಫ್ ಸ್ವೆಟರ್ ಮಾಡ್ತೇನಿ” ಅಂದರು.

ಅಷ್ಟೇ! ಅನ್ನಪೂರ್ಣಕ್ಕ ಹಾಫ್ ಅಂದ ಮೇಲೆ ನಾನು ಫುಲ್ ಅನ್ನದೆ ಇರುವುದು ಹೇಗೆ? ಎದ್ದು ನಿಂತೆ, ಗುಡುಗಿದೆ. ತುಂಬು ತೋಳಿನ ಸ್ವೆಟರ್! ಚಪ್ಪಾಳೆ ಬಿತ್ತು. ನನಗೆ ಹೆಣಿಗೆ ಬರುವುದಿಲ್ಲ ಎಂಬ ಸಣ್ಣ ವಿಷಯ ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

“ಹಂಗಾದ್ರ ಚಿಗಳ್ಳಿಯ ಮಿಲ್ಟ್ರಿ ಸಾತಪ್ಪನ್ನ ನೀನ ತಗೋ,” ಅಂದರು ಅನ್ನಪೂರ್ಣಕ್ಕ. “ಆದ್ರ ಹುಷಾರು. ಆ ಮನಷ್ಯಾ ಯಾರ ಕಡೆಯಿಂದೂ ಏನೂ ತಗೋಳೂದಿಲ್ಲ.”

ಸಾತಪ್ಪನವರ ಕಥೆ ಹೀಗೆ. ತಂದೆ ತೀರಿಕೊಂಡು ಮನೆಯ ಭಾರ ತಲೆಗೆ ಬಂದಾಗ, ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ಸೈನ್ಯ ಬಿಟ್ಟು ಊರಿಗೆ ಬಂದವರು. ಈಗ ವಯಸ್ಸಾಗಿದೆ. ಒಂದು ಗೋವಿನಜೋಳದ ಗೋದಾಮಿಗೆ ರಾತ್ರಿ ಕಾವಲು. ಚಳಿಗೆ ಕೆಮ್ಮು. ಹೋದ ವರ್ಷ ಯಾರೋ ಸಮಾರಂಭಕ್ಕೆ ಕರೆದು, ವೇದಿಕೆಯ ಮೇಲೆ ಕಂಬಳಿ ಹೊದಿಸಿ ಫೋಟೋ ತೆಗೆಸಿಕೊಂಡರಂತೆ. ಸಾತಪ್ಪ ಆ ಕಂಬಳಿಯನ್ನು ತೆಗೆದು ನೀಟಾಗಿ ಮೈಕಿಗೆ ಹೊದಿಸಿ, “ಇದಕ್ಕ ಕೊಡ್ರಿ. ಮುಂಜಾನಿಂದ ಒಂದ ಸಮ ಗಡಗಡ ಅನ್ನಾಕ ಹತ್ತೇತಿ” ಎಂದು ಹೇಳಿ ಬಸ್ಸು ಹತ್ತಿದರಂತೆ.

“ನನ್ನ ಸ್ವೆಟರ್ ನೋಡಿದ್ರ ತಗೋತಾರ ಬಿಡ್ರಿ!” ಅಂದೆ. ಯಾವ ಸ್ವೆಟರ್? ಅದು ಇನ್ನೂ ಕುರಿಯ ಮೈಮೇಲೆ ಇತ್ತು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ನಮ್ಮ ಯಜಮಾನರು, ಅಂದರೆ ಸಿದ್ದಲಿಂಗ, ಕಾಗದದ ಮಿಲ್ಲಿನಲ್ಲಿ ಪಾಳಿ ಕೆಲಸದವರು. ಕಾಗದದಷ್ಟೇ ತೆಳುವಾದ ಮಾತು, ಆದರೆ ಅಂಚು ಮಾತ್ರ ಕೈ ಕೊಯ್ಯುತ್ತದೆ.

“ಗಂಗಾ, ನನ್ನ ಅಂಗಿಗೆ ಗುಂಡಿ ಹಚ್ಚು ಅಂದ್ರ ನೀ ಸೇಫ್ಟಿಪಿನ್ ಕೊಡ್ತಿ. ನೀ ಸ್ವೆಟರ್ ಹೆಣೀತಿ?”

“ಕಡ್ಡಿ ಎರಡು, ದಾರ ಒಂದು. ಅದರಾಗ ಏನೈತ್ರಿ?”

“ಅದೂ ಖರೇನ. ಕಡ್ಡಿ ಆಡಸೂದನ್ನ ನಿನಗ ಯಾರೂ ಕಲಿಸಬೇಕಾಗಿಲ್ಲ.”

ಈ ಒಂದು ಮಾತಿಗೆ ಮನೆಯಲ್ಲಿ ಎರಡು ದಿನ ಬರೀ ತಿಳಿಸಾರು.

ಮೊದಲ ಸಮಸ್ಯೆ ಅಳತೆ. ಸ್ವೆಟರ್ ಎಂದರೆ ಆ ಸ್ವಾಭಿಮಾನಿ ಫೋನ್ ಇಟ್ಟುಬಿಡುತ್ತಾರೆ. ಅದಕ್ಕೆ ದನಿ ದಪ್ಪ ಮಾಡಿಕೊಂಡು, “ಹಲೋ, ನಾವು ಆರೋಗ್ಯ ಸಮೀಕ್ಷಾದವರು. ನಿಮ್ಮ ಎದಿ ಅಳತಿ ಎಷ್ಟ್ರಿ?” ಅಂದೆ.

ಆ ಕಡೆಯಿಂದ ತೋಪು ಹಾರಿದ ಹಾಗೆ ಉತ್ತರ ಬಂತು. “ಎಂಬತ್ತೆರಡು! ಉಬ್ಬಿಸಿದ್ರ ಎಂಬತ್ತೇಳು!”

ಮಾತಿನ ಹಿಂದೆಯೇ ಉಸಿರು ಎಳೆದುಕೊಂಡ ಸದ್ದು, ಅದರ ಹಿಂದೆ ಕೆಮ್ಮು. ಪಾಪ, ಫೋನಿನಲ್ಲೇ ಉಬ್ಬಿಸಿ ತೋರಿಸಿದ್ದರು! ನಾನು ಗಾಬರಿಯಾಗಿ ಯಜಮಾನರ ಕಡೆ ನೋಡಿದೆ.

“ಎಂಬತ್ತೇಳು ಅಂತಾರಲ್ರಿ! ಅಷ್ಟು ಉಣ್ಣಿ ಎಲ್ಲಿಂದ ತರೂದು?”

“ಅದು ಸೆಂಟಿಮೀಟರ್, ಮಹಾತಾಯಿ. ಎಂಬತ್ತೇಳು ಇಂಚು ಇದ್ರ ಅಂವ ಸೈನಿಕ ಅಲ್ಲ, ನಮ್ಮ ಮಿಲ್ಲಿನ ಬಾಯ್ಲರ್!”

ಮಿಲ್ಟ್ರಿ ಹಸಿರು ಬಣ್ಣದ ಉಣ್ಣೆ ತಂದೆ. ಗುರು ಸಿಕ್ಕಿದ್ದು ಮೊಬೈಲಿನಲ್ಲಿ. ಯಾವುದೋ ಊರಿನ ಹೆಣ್ಣುಮಗಳು ಹಿಂದಿಯಲ್ಲಿ “ಏಕ್ ಸೀಧಾ, ಏಕ್ ಉಲ್ಟಾ” ಎಂದು ನಗುನಗುತ್ತಾ ಹೇಳಿಕೊಡುತ್ತಿದ್ದಳು. ಅವಳ ಕಡ್ಡಿಗಳು ಕುಣಿಯುತ್ತಿದ್ದವು. ನನ್ನವು ಜಗಳಾಡುತ್ತಿದ್ದವು. ನಾಲ್ಕು ಸಾಲು ಹೆಣೆಯುವುದು, ಐದು ಸಾಲು ಬಿಚ್ಚುವುದು. ಯಾವ ಲೆಕ್ಕದಲ್ಲಿ ಐದು ಬಿಚ್ಚುತ್ತಿದ್ದೆನೋ ಆ ಶಿವನೇ ಬಲ್ಲ!

ಅದರ ನಡುವೆ ಯಜಮಾನರ ವೀಕ್ಷಕ ವಿವರಣೆ.

“ಈಗ ಹಾಕಿದ್ದು ಸೀದಾನೋ ಉಲ್ಟಾನೋ?”

“ನಿಮ್ಮನ್ನ ಮದುವ್ಯಾದಾಗಿಂದ ಎಲ್ಲಾ ಉಲ್ಟಾನ!”

“ಉಣ್ಣಿ ಮನಿಗೆ ಬಂದಾಗಿಂದ ಉಣ್ಣೂದು ಮನಿ ಬಿಟ್ಟು ಹೋಗೇತಿ. ಇವತ್ತರ ರೊಟ್ಟಿ ಬಡೀತೀಯೋ ಇಲ್ಲೋ?”

“ಇನ್ನೊಂದು ಮಾತಾಡಿದ್ರ ಈ ಕಡ್ಡಿ ತಗೊಂಡು…”

ಹೀಗೆ ಪ್ರತಿ ಮಾತಿಗೆ ಒಂದೊಂದು ಕುಣಿಕೆಯನ್ನು ಹಲ್ಲು ಕಚ್ಚಿ ಎಳೆಎಳೆದು ಬಿಗಿಯುತ್ತಾ ಸ್ವೆಟರಿನ ಮುಂಭಾಗ ಮುಗಿಸಿದೆ. ಆಮೇಲೆ ಸಾಕಾಗಿ ಹಳಿಯಾಳದ ತವರಿಗೆ ಹೋದೆ. ಅಲ್ಲಿ ನನ್ನನ್ನು ಕೇಳುವವರು ಯಾರು? ಅವ್ವ ಬಿಸಿ ರೊಟ್ಟಿ ಕೊಡುತ್ತಿದ್ದಳು, ತಮ್ಮನ ಹೆಂಡತಿ ಹೊತ್ತುಹೊತ್ತಿಗೆ ಚಹಾ ತಂದಿಡುತ್ತಿದ್ದಳು. ನಾನು ಕಟ್ಟೆಯ ಮೇಲೆ ಕಾಲು ಚಾಚಿಕೊಂಡು, ಬಂದು ಹೋಗುವವರ ಜೊತೆ ಮಾತಾಡುತ್ತಾ, ಹಾಯಾಗಿ ಹಿಂಭಾಗ ಹೆಣೆದೆ. ತೋಳುಗಳೂ ಅಲ್ಲೇ ಆದವು. ಒಂದು ತೋಳು ಆಗುವ ಹೊತ್ತಿಗೆ ಪಕ್ಕದ ಮನೆಯವರ ಮಗಳ ಮದುವೆಯ ಸುದ್ದಿ ಶುರುವಾಗಿದ್ದರಿಂದ ಅದು ನಾಲ್ಕು ಬೆರಳು ಉದ್ದವಾಯಿತು. ಸುದ್ದಿಯೇ ಅಷ್ಟು ಉದ್ದವಿತ್ತು!

ದಾಂಡೇಲಿಗೆ ಮರಳಿ ತುಂಡುಗಳನ್ನೆಲ್ಲ ಜೋಡಿಸಿದಾಗ ನನ್ನ ಎದೆ ಧಸಕ್ಕೆಂದಿತು. ಮುಂಭಾಗ ನೆಲದ ಮೇಲೆ ಇಟ್ಟರೆ ಸೆಟೆದು ನಿಲ್ಲುತ್ತಿತ್ತು. ಹಿಂಭಾಗ ಹಿಡಿದೆತ್ತಿದರೆ ಜೋತು ಬೀಳುತ್ತಿತ್ತು. ಅದೇ ಕಡ್ಡಿ, ಅದೇ ಉಣ್ಣೆ, ಅಷ್ಟೇ ಕುಣಿಕೆ!

ಯಜಮಾನರು ಮುಂದೆ ಒಮ್ಮೆ ತಟ್ಟಿ, ಹಿಂದೆ ಒಮ್ಮೆ ಜಗ್ಗಿ ನೋಡಿದರು.

“ಮುಂದ ತಗಡು, ಹಿಂದ ಮೀನಿನ ಬಲಿ. ಮುಂದಿಂದು ನಾ ಇದ್ದಾಗ ಹೆಣದದ್ದು, ಹಿಂದಿಂದು ನಾ ಇಲ್ಲದಾಗ ಹೆಣದದ್ದು. ಗಂಗಾ, ಇದು ಸ್ವೆಟರ್ ಅಲ್ಲ, ನಮ್ಮ ಸಂಸಾರದ ಎಕ್ಸ್-ರೇ!”

“ಮೈಮ್ಯಾಲೆ ಹಾಕಿದ್ರ ಎಲ್ಲಾ ಸರಿ ಆಗತೈತಿ. ಒಂದು ಸಲ ಹಾಕ್ಕೊಂಡು ತೋರಸ್ರಿ.”

“ನಾ ಯಾಕ? ನಾ ಏನು ಮಾಜಿ ಸೈನಿಕ ಏನ?”

“ನನ್ನ ಜೋಡಿ ಇಷ್ಟು ವರ್ಷ ಬಾಳೇ ಮಾಡೀರಲ್ಲ, ಅದಕ್ಕಿಂತ ದೊಡ್ಡ ಯುದ್ಧ ಯಾವುದೈತಿ?”

ಈ ಒಂದು ಮಾತಿಗೆ ಮನುಷ್ಯ ಕರಗಿಬಿಟ್ಟರು. ಡ್ಯೂಟಿಗೆ ಹೊರಡುವ ಗಡಿಬಿಡಿ. ಪ್ಯಾಂಟು ಹಾಕಿಯಾಗಿತ್ತು, ಬನಿಯನ್ ಮೇಲೆಯೇ ಸ್ವೆಟರಿಗೆ ಕೈ ತೂರಿಸಿದರು. ಎರಡೂ ತೋಳು ಮೇಲೆದ್ದವು. ತಲೆ ಒಳಗೆ ಹೋಯಿತು. ಹೋಯಿತು ಅಂದರೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ! ಕೊರಳಿನ ಅಂಚನ್ನು ಎಲ್ಲಿ ಬಿಚ್ಚಿಕೊಳ್ಳುತ್ತದೋ ಎಂಬ ಹೆದರಿಕೆಗೆ ನಾನು ಗಂಟು ಹಾಕಿದ ಹಾಗೆ ಬಿಗಿದಿದ್ದೆ. ಯಜಮಾನರ ನೆತ್ತಿಯ ನಾಲ್ಕು ಕೂದಲು ಮಾತ್ರ ಹೊರಗೆ ಇಣುಕಿದವು. ಎದೆಯ ತಗಡು ಕೆಳಗೆ ಇಳಿಯದು, ಮೇಲೆ ಏರದು. ಸೈನಿಕರಿಗೆಂದು ಹೆಣೆದ ಸ್ವೆಟರಿನಲ್ಲಿ ನನ್ನ ಗಂಡ ಎರಡೂ ಕೈ ಎತ್ತಿ ಶರಣಾಗಿ ನಿಂತಿದ್ದರು!

“ಗಂಗಾ… ಉಸುರು…” ಒಳಗಿಂದ ದನಿ ಬಂತು, ಬಾವಿಯಿಂದ ಬಂದ ಹಾಗೆ.

“ತಡೀರಿ, ಜಗ್ಗತೇನಿ.”

“ಆ ಕಡೆ ಜಗ್ಗಬ್ಯಾಡ! ಅದು ನನ್ನ ಕಿವಿ!”

“ಕಿವಿ ಅಂತ ಹೊರಗ ಹೆಂಗ ಗೊತ್ತಾಗಬೇಕು?”

“ಹೆಣಿಗಿ ಹೆಣಿಗಿ ಅಂತ ಹೇಳಿ ಇವತ್ತ ನನ್ನ ಹೆಣ ಕೆಡವತಿ ನೀನು!”

ಅಷ್ಟರಲ್ಲಿ ಮಿಲ್ಲಿನ ಭೋಂಗಾ ಕೂಗಿತು. ಅದನ್ನು ಕೇಳಿದ್ದೇ ತಡ, ಎಷ್ಟೋ ವರ್ಷದ ಅಭ್ಯಾಸಬಲದಿಂದ ಅವರ ಕಾಲು ತಾವಾಗಿಯೇ ಬಾಗಿಲ ಕಡೆ ಹೊರಟವು. ಕಣ್ಣು ಕಾಣದೆ ಕಪಾಟಿಗೆ ಡಿಕ್ಕಿ ಹೊಡೆದು ತಿರುಗಿ ಬಂದವು. ಸರಿಯಾಗಿ ಆ ಹೊತ್ತಿಗೆ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದ ಅನ್ನಪೂರ್ಣಕ್ಕ ಹೊಸ್ತಿಲಲ್ಲೇ ಕಿರುಚಿದರು.

“ಅಯ್ಯಯ್ಯ! ಯಾರ ಇಂವಾ? ತಲೀನ ಇಲ್ಲಲ್ಲ!”

“ನಮಸ್ಕಾರ್ರಿ ಅಕ್ಕಾರ…” ಎಂದಿತು ಸ್ವೆಟರ್. ಕೈ ಮೊದಲೇ ಎತ್ತಿದ್ದರಿಂದ ನಮಸ್ಕಾರಕ್ಕೆ ಬೇರೆ ಶ್ರಮ ಬೀಳಲಿಲ್ಲ.

ಅನ್ನಪೂರ್ಣಕ್ಕ ಸುಧಾರಿಸಿಕೊಂಡು ನಾಲ್ಕು ಕಡೆಯಿಂದ ನೋಡಿದರು. “ಶಿವಗಂಗಾ, ಕತ್ತರಿ ತಾ.”

“ಕತ್ತರಿ ಬ್ಯಾಡ್ರಿ ಅಕ್ಕಾರ! ಬ್ಯಾಡಂದ್ರ ಬ್ಯಾಡ!” ನಾನು ಅಡ್ಡ ನಿಂತೆ.

ಒಳಗಿನ ದನಿ ಮೆತ್ತಗಾಯಿತು. “ನೋಡ್ರಿ ಅಕ್ಕಾರ… ನನಗ ಎಲ್ಲೆರ ತಾಗೀತು ಅಂತ ಎಷ್ಟು ಜೀವ ಐತಿ ಅಕೀಗೆ.”

“ಸ್ವೆಟರ್ ಕೆಡತೈತ್ರೀ!” ಅಂದೆ.

ಆಮೇಲೆ ಒಳಗಿನಿಂದ ಬಂದ ಮಾತನ್ನು ಉಣ್ಣೆ ತಡೆಯಿತು. ಉಣ್ಣೆಯ ಉಪಕಾರ ದೊಡ್ಡದು.

ಕೊನೆಗೆ ಅನ್ನಪೂರ್ಣಕ್ಕ ಕೊರಳಿನ ಗಂಟು ಬಿಡಿಸಿ, ದಾರದ ತುದಿ ಹಿಡಿದು ಎಳೆಯತೊಡಗಿದರು. “ನೀವು ಸಾವಕಾಶ ತಿರುಗ್ರಿ ಅಣ್ಣಾರ.” ಯಜಮಾನರು ನಿಂತಲ್ಲೇ ಬುಗುರಿಯಂತೆ ತಿರುಗಿದರು. ಒಂದು ಸುತ್ತಿಗೆ ಹಣೆ ಬಂತು, ಇನ್ನೊಂದಕ್ಕೆ ಕಣ್ಣು, ಮತ್ತೊಂದಕ್ಕೆ ಮೂಗು. ಬಾಯಿ ಬಂದ ಕೂಡಲೇ ಏನೇನು ಬಂತು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮೈಯಿಂದ ಸ್ವೆಟರ್ ಕಿತ್ತು ನನ್ನ ಕೈಗೆ ಎಸೆದು, ಅಂಗಿ ಸಿಕ್ಕಿಸಿಕೊಂಡು, ಡಬ್ಬಿ ಹಿಡಿದುಕೊಂಡು ಸ್ಕೂಟರ್ ಹತ್ತಿ ಹೊರಟೇಬಿಟ್ಟರು.

ಕೊರಳಷ್ಟೇ ಹೋಯಿತಲ್ಲ, ಸಂಜೆಯೊಳಗೆ ಹೆಣೆದರಾಯಿತು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆಗ ನನ್ನ ಕೈಯಲ್ಲಿದ್ದ ಸ್ವೆಟರಿಗೆ ಜೀವ ಬಂತು! ಎಡಕ್ಕೆ ಜಗ್ಗಿತು, ಬಲಕ್ಕೆ ಜಗ್ಗಿತು. ಸಾಲು ಸಾಲಾಗಿ ಕರಗತೊಡಗಿತು. ದಾರ ಬಾಗಿಲು ದಾಟಿ, ಕಟ್ಟೆ ಇಳಿದು ಓಡುತ್ತಿತ್ತು. ಅದರ ತುದಿ ಯಜಮಾನರ ಊಟದ ಡಬ್ಬಿಯ ಹಿಡಿಕೆಗೆ ಸಿಕ್ಕಿಕೊಂಡಿತ್ತು!

“ರೀ! ನಿಂದರ್ರೀ! ಸ್ವೆಟರ್ ಹೊಂಟೇತಿ!”

ಬಂಗೂರನಗರದ ರಸ್ತೆ ಆ ಮುಂಜಾನೆ ಕಂಡ ದೃಶ್ಯ ಯಾವ ಊರೂ ಕಾಣದಿರಲಿ. ಮುಂದೆ ಸ್ಕೂಟರ್, ನಡುವೆ ಹಸಿರು ದಾರ, ಹಿಂದೆ ಅರ್ಧ ಸ್ವೆಟರ್ ಎತ್ತಿ ಹಿಡಿದು ನೈಟಿಯಲ್ಲಿ ಓಡುವ ನಾನು! ನನ್ನ ಹಿಂದೆ ಬಟ್ಟಲು ಹಿಡಿದ ಅನ್ನಪೂರ್ಣಕ್ಕ. ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದವರು ಬ್ರಶ್ ಬಾಯಲ್ಲೇ ಬಿಟ್ಟು ದಾರಿ ಬಿಟ್ಟರು. “ಗಾಳಿಪಟ ಏನ್ರಿ ಅಕ್ಕಾರ?” ಎಂದು ಒಬ್ಬ ಪುಣ್ಯಾತ್ಮ ಕೇಳಿಯೂ ಕೇಳಿದ. ದಾರ ಹಿಂದಿನ ಗಾಲಿಗೆ ಸುತ್ತಿಕೊಂಡು ಸ್ಕೂಟರ್ ಗಕ್ಕನೆ ನಿಂತಾಗಲೇ ಈ ಮೆರವಣಿಗೆ ಮುಗಿದದ್ದು. ಅಷ್ಟೂ ಉಣ್ಣೆ ಎಣ್ಣೆಯಲ್ಲಿ ಮಿಂದು ಕರಿ ಕರಿ ಆಗಿತ್ತು. ಯಜಮಾನರು ಹಿಂದೆ ತಿರುಗಿ ನೋಡಿ ಒಂದೇ ಮಾತು ಕೇಳಿದರು.

“ಇನ್ನೂ ಬಿಟ್ಟಿಲ್ಲೇನ ನನ್ನನ್ನ?”

ದಾಂಡೇಲಿಯಲ್ಲಿ ಹುಡುಕಿದೆ, ಹಳಿಯಾಳದಲ್ಲಿ ಹುಡುಕಿಸಿದೆ. ಆ ಹಸಿರು ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ, ಕೂಸಿನ ಕುಲಾವಿಗೆ ಹಾಕುವ ಗುಲಾಬಿ ಬಣ್ಣ. ಮಂಡಳದವರ ಟೊಪ್ಪಿಗೆ, ಕಾಲುಚೀಲಗಳೆಲ್ಲ ಆಗಲೇ ಮನೆಮನೆ ಮುಟ್ಟಿದ್ದವು. “ತಾ, ನಾನರ ಸರಿ ಮಾಡಿ ಕೊಡ್ತೇನಿ” ಎಂದು ಅನ್ನಪೂರ್ಣಕ್ಕ ಕೈ ಚಾಚಿದರು. ನಾನು ಸ್ವೆಟರನ್ನು ಎದೆಗೊತ್ತಿಕೊಂಡು, “ನನ್ನ ಸೈನಿಕರ ಚಿಂತಿ ನನಗಿರಲಿ” ಅಂದೆ. ಎದೆಯಿಂದ ಕೊರಳಿನವರೆಗೆ ಗುಲಾಬಿ ಹೆಣೆದೆ, ಈ ಸಲ ಕೊರಳನ್ನು ಸಡಿಲ ಬಿಟ್ಟೆ. ಮಿಲ್ಟ್ರಿ ಹಸಿರಿನ ಮೇಲೆ ಗುಲಾಬಿ! ದೂರದಿಂದ ನೋಡಿದರೆ ಅರ್ಧ ಒಡೆದಿಟ್ಟ ಕಲ್ಲಂಗಡಿ ಹಣ್ಣು.

ಭಾನುವಾರ ಬಸ್ಸು ಬದಲಿಸುತ್ತಾ ಬದಲಿಸುತ್ತಾ ಚಿಗಳ್ಳಿ ಮುಟ್ಟಿದೆವು. ಫೋಟೋ ತೆಗೆದು ಮಂಡಳದ ಗುಂಪಿಗೆ ಕಳಿಸುವ ಕೆಲಸ ಯಜಮಾನರದು. ಅವರು ದಾರಿಯುದ್ದಕ್ಕೂ ಮಾತಾಡಿರಲಿಲ್ಲ. ಕಿವಿ ಇನ್ನೂ ಕೆಂಪಗಿತ್ತು.

ಸಾತಪ್ಪ ಅಂಗಳದಲ್ಲಿ ಬಿಸಿಲಿಗೆ ಕುಳಿತಿದ್ದರು. ಮೀಸೆ ಸೈನ್ಯದ್ದು, ಹೊಟ್ಟೆ ಸಂಸಾರದ್ದು. ದುಂಡಗೆ, ಧಾರಾಳವಾಗಿ ಮುಂದೆ ಬಂದಿತ್ತು! ಎಂಬತ್ತೇಳು ಎಲ್ಲಿ, ಈ ಹೊಟ್ಟೆ ಎಲ್ಲಿ! ಅವರ ಹೆಂಡತಿ ಕೆಂಚವ್ವ ಚಾಪೆ ಹಾಸಿ, “ಕುಂದರ್ರಿ, ಚಾ ಇಡ್ತೇನಿ” ಅಂದರು. ಸಾತಪ್ಪ ಮಾತ್ರ ನನ್ನ ಕೈಯ ಪೊಟ್ಟಣವನ್ನೂ ಯಜಮಾನರ ಕೈಯ ಮೊಬೈಲನ್ನೂ ಒಂದಾದ ಮೇಲೆ ಒಂದು ನೋಡಿದರು.

“ಫೋಟೋ ತಗ್ಯಾಕ ಬಂದೀರೇನ್ರಿ?”

ಯಜಮಾನರು ಮೊಬೈಲನ್ನು ಕಳ್ಳಮಾಲಿನ ಹಾಗೆ ಜೇಬಿಗೆ ಸೇರಿಸಿದರು. ನಾನು ಉರು ಹೊಡೆದು ಬಂದ ಭಾಷಣ ಶುರು ಮಾಡಿದೆ. “ಗಡಿ ಕಾಯ್ದ ವೀರರಿಗೆ, ಮಾತೆಯರ ಮಮತೆಯ ಎಳೆಗಳಿಂದ…”

“ದಾನ ನಾ ತಗೋಳೂದಿಲ್ರಿ ಅಕ್ಕಾರ,” ಅಂದರು ಅವರು. ದನಿ ಏರಿರಲಿಲ್ಲ. “ನೀವು ದೂರಿಂದ ಬಂದೀರಿ, ಚಾ ಕುಡದು ಹೋಗ್ರಿ. ನನ್ನ ಕೈಕಾಲು ಇನ್ನೂ ಗಟ್ಟಿ ಅದಾವು.” ಅಷ್ಟು ಹೇಳುವುದರೊಳಗೆ ಕೆಮ್ಮು ಬಂತು. ಮುಖ ಆ ಕಡೆ ತಿರುಗಿಸಿಕೊಂಡು ಕೆಮ್ಮಿದರು. ಕೆಂಚವ್ವ ಬಾಗಿಲಲ್ಲಿ ನಿಂತು ಸೆರಗು ಹಿಂಡುತ್ತಿದ್ದರು.

ನನಗೆ ಏನಾಯಿತೋ ಗೊತ್ತಿಲ್ಲ. ತವರಿನ ಸುಖ, ಮನೆಯ ಜಗಳ, ರಸ್ತೆಯ ಓಟ ಎಲ್ಲ ಒಟ್ಟಿಗೇ ನೆತ್ತಿಗೇರಿತು. ಭಾಷಣ ಬಿಟ್ಟುಹೋಗಿ ಸ್ವಂತ ಬಾಯಿ ಬಂತು.

“ದಾನ ಅಂತ ಯಾರಂದ್ರು ಕಾಕಾ? ದಾನ ಹಿಂಗಿರತೈತೇನು? ಬಿಚ್ಚಿ ನೋಡ್ರಿ ಒಂದು ಸಲ! ಸಮೀಕ್ಷಾ ಅಂತ ಸುಳ್ಳು ಹೇಳಿ ನಿಮಗ ಫೋನ್ ಮಾಡಿದಾಕಿ ನಾನ. ಇದನ್ನ ಹೆಣ್ಯಾಕ ಹೋಗಿ ಗಂಡನ್ನ ಇದರಾಗ ಸಿಗಿಸಿದೆ. ನೈಟಿ ಮ್ಯಾಲೆ ಸ್ಕೂಟರ್ ಹಿಂದ ಓಡಿದೆ. ಬಂಗೂರನಗರದಾಗ ಮಾರಿ ಎತ್ತಿ ತಿರುಗಾಡಾಕ ಬರವಲ್ದು. ಇಷ್ಟಾಗಿ ನೀವು ಒಲ್ಲೆ ಅಂದ್ರ ನಾ ಇದನ್ನ ಎಲ್ಲಿ ಒಯ್ಯಲಿ?”

ಸಾತಪ್ಪ ನಿಧಾನಕ್ಕೆ ಪೊಟ್ಟಣ ಬಿಚ್ಚಿದರು. ಸ್ವೆಟರ್ ಎತ್ತಿ ಹಿಡಿದರು. ಹಸಿರು ನೋಡಿದರು, ಗುಲಾಬಿ ನೋಡಿದರು, ಗಿಡ್ಡ ತೋಳು ನೋಡಿದರು, ಉದ್ದ ತೋಳು ನೋಡಿದರು.

“ಇದರಾಗ… ಇವರು ಸಿಕ್ಕಿದ್ರಾ?”

“ಕಿವಿ ನೋಡ್ರಿ ಬೇಕಾರ,” ಎಂದು ಯಜಮಾನರು ತಲೆ ತಿರುಗಿಸಿ ತೋರಿಸಿದರು. ಆ ದಿನದ ಅವರ ಮೊದಲ ಮಾತು.

ಸಾತಪ್ಪನವರ ಮೀಸೆ ಒಮ್ಮೆ ನಡುಗಿತು. ಆಮೇಲೆ ಹೊಟ್ಟೆ ನಡುಗಿತು. ಆಮೇಲೆ ಆ ಮನುಷ್ಯ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಂತೆ, ಕೆಮ್ಮಿ ಕೆಮ್ಮಿ, ತೊಡೆ ತಟ್ಟಿ ತಟ್ಟಿ ನಕ್ಕರು! ಕೆಂಚವ್ವನೂ ಸೆರಗು ಬಾಯಿಗಿಟ್ಟುಕೊಂಡು ಚಾಪೆಯ ಮೇಲೆ ಕುಸಿದರು.

“ಎಂಬತ್ತೇಳು ಅಂತ ನೀವ ಹೇಳಿದ್ರಿ ಮತ್ತ,” ಅಂದೆ ಅಳುಮೋರೆ ಮಾಡಿ.

“ಅದು ಮಿಲ್ಟ್ರಿಗೆ ಭರ್ತಿ ಆಗುವಾಗಿನ ಅಳತಿ ಯವ್ವಾ!” ಎಂದು ಕೆಂಚವ್ವ ಕಣ್ಣೊರೆಸಿಕೊಂಡರು. “ಆಗ ಇವರಿಗೆ ಮೀಸಿ ಸೈತ ಬಂದಿರಲಿಲ್ಲ.”

“ಅದಾದ ಮ್ಯಾಲೆ ನನ್ನ ಎದಿ ಯಾರೂ ಅಳದಿಲ್ಲ ತಂಗಿ,” ಅಂದರು ಸಾತಪ್ಪ. “ನೀ ಕೇಳಿದಿ, ನಾ ಹೇಳಿದೆ.”

ಅವರೇ ಎದ್ದು ನಿಂತು ಸ್ವೆಟರನ್ನು ಹಿಂದು ಮುಂದು ಮಾಡಿದರು. ಬಲೆಯನ್ನು ಹೊಟ್ಟೆಯ ಕಡೆಗೆ, ತಗಡನ್ನು ಬೆನ್ನಿನ ಕಡೆಗೆ ತಂದು ತಲೆ ತೂರಿಸಿದರು. ಯಜಮಾನರು ಕಣ್ಣೇ ಮುಚ್ಚಿಕೊಂಡರು. ತಲೆ ಸಲೀಸಾಗಿ ಹೊರಗೆ ಬಂತು! ತವರಿನಲ್ಲಿ ಹೆಣೆದ ಸಡಿಲು ಭಾಗ ಆ ಹೊಟ್ಟೆಯ ಮೇಲೆ ಹೇಳಿ ಮಾಡಿಸಿದ ಹಾಗೆ ಕುಳಿತಿತು. ಸಿಟ್ಟಿನಲ್ಲಿ ಹೆಣೆದದ್ದು ಬೆನ್ನಿಗೆ ಗಾಳಿ ಬಾರದಂತೆ ಬಿಗಿದು ನಿಂತಿತು. ಗುಲಾಬಿ ಕೊರಳಿನ ಮೇಲೆ ಆ ಬಿಳಿ ಮೀಸೆ!

“ಬರೋಬ್ಬರಿ ಆತಲ್ರಿ!” ಎಂದು ನಾನು ಕುಣಿದಾಡಿಬಿಟ್ಟೆ. “ಹಂಗಾದ್ರ ತಗೋತೀರಿ ಹೌದಲ್ಲೋ? ನನ್ನ ಕೈಕೆಲಸ ನಿಮ್ಮ ಮನಸ್ಸಿಗೆ ಬಂತು ಹೌದಲ್ಲೋ?”

ಸಾತಪ್ಪ ಗಂಭೀರವಾಗಿ ಮೀಸೆ ನೇವರಿಸಿಕೊಂಡು ಯಜಮಾನರ ಕಡೆ ಬೆರಳು ತೋರಿಸಿದರು.

“ಕೈಕೆಲಸದ ಮಾತು ಬಿಡು ತಂಗಿ. ಇದನ್ನ ನಾ ವಾಪಸ್ ಕಳಿಸಿದ್ರ ನಾಳಿಗೆ ಇವರು ಹಾಕ್ಕೋಬೇಕಾಗತೈತಿ. ಕಣ್ಣ ಮುಂದ ಒಬ್ಬ ಮನಷ್ಯಾನ ಜೀವಕ್ಕ ಅಪಾಯ ಐತಿ ಅಂದಾಗ ಸೈನಿಕ ಆದಾಂವ ಹಿಂದ ಸರಿಯೂದಿಲ್ಲ!”

ನಮ್ಮ ಯಜಮಾನರು ಚಾಪೆಯಿಂದ ತಟ್ಟನೆ ಎದ್ದು, ಎರಡೂ ಹಿಮ್ಮಡಿ ಜೋಡಿಸಿ, ಸಾತಪ್ಪನವರಿಗೆ ಒಂದು ಸೆಲ್ಯೂಟ್ ಹೊಡೆದರು.